ಸಾವಿರದಲ್ಲಿ ಐದು ಪಾಲು

ನ್ಯೂ ಬೆಡ್‌ಫರ್ಡಿನ ಬಂದರು ಬೀದಿಯಲ್ಲಿ
ನನ್ನದು ಕಬ್ಬಿಣದ ಸಾಮಾನಿನ ಅಂಗಡಿ.
ದೋಣಿಯವರು ಸರಪಳಿ ಕೊಳ್ಳುತ್ತಾರೆ,
ಉಳಿದವರು ಮೊಳೆ, ಬಣ್ಣ, ಇಲಿಬೋನು.
ದೆಯೊಲಿಂಡಾ ಬಂದಳು ಬಾಗಿಲೆಳೆಯುವ ಹೊತ್ತಿಗೆ.
ಗಲ್ಲಾದ ಮೇಲಿಟ್ಟಳು ಒಂದು ಬೀಗದ ಕೈ.
ತುದಿ ಕರಗಿತ್ತು, ಮೇಣದ ಹಾಗೆ.

"ನಕಲು ಬೇಕೆ?"
"ಬೇಡ ಸಿಲ್ವೇನ್. ಇದು ನನ್ನ ತಮ್ಮ ಅಬೀಲಿಯೋ
ಗೋಡೆಗೆ ಚುಚ್ಚಿದ್ದು. ಆಗವನಿಗೆ ಮೂರು."

ಹಳೆಯ ಮನೆಗಳ ಪ್ಲಗ್ಗಿನ ತೂತಿಗೆ
ಎರಡೇ ಕಣ್ಣು. ಬಾಯಿಲ್ಲ.
ಯಾರೋ ಅದರ ಬಾಯಿಗೆ ಬೀಗ ಜಡಿದಿದ್ದಾರೆ
ಎಂದುಕೊಂಡನಂತೆ ಹುಡುಗ,
ತೆಗೆಯಲು ಹೋದನಂತೆ.
ಬದುಕಿದ. ಈಗ ದೋಣಿಯಲ್ಲಿ ಅಡುಗೆಯವ.
ಎಡಗೈಯ ಎರಡು ಬೆರಳು ಮಡಚುವುದಿಲ್ಲ,
ಅವನು ಈರುಳ್ಳಿ ಹೆಚ್ಚುವುದನ್ನು ನೋಡಬೇಕು ನೀವು.

ಅದೇ ಮನೆಯಲ್ಲಿ ಈಗ ಆರು ಮಕ್ಕಳನ್ನು ನೋಡಿಕೊಳ್ಳುತ್ತಾಳಂತೆ,
ಬೆಳಗಿನ ಐದಕ್ಕೇ ಬಂದು ಬಿಟ್ಟುಹೋಗುವವರ ಮಕ್ಕಳು.
ಸೋಮವಾರ ತಪಾಸಣೆ.

ಮೊದಲು ಅವಳ ಕೈ ಹೋದದ್ದು
ಅಗ್ಗದ ಪ್ಲಾಸ್ಟಿಕ್ ಮುಚ್ಚಳಗಳ ಪೊಟ್ಟಣಕ್ಕೆ.
ಉಗುರಿಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತದೆ, ಎಂದೆ.
ಮತ್ತೆ, ಕಸ ಹೀರುವ ಯಂತ್ರ ಕಿತ್ತ ಮೇಲೆ
ಅದನ್ನು ತಿರುಗಿ ಹಾಕುವವರು ಯಾರು? ನೀವೇ? ದಿನಾ?

ಬೇರೊಂದನ್ನು ಅಂಗೈಗಿಟ್ಟೆ: "ನಿಮ್ಮ ಕೀಲಿಯಿಂದಲೇ ಚುಚ್ಚಿ."
ಚುಚ್ಚಿದಳು. ಹೋಗಲಿಲ್ಲ.
ಹಲ್ಲು ಕಚ್ಚಿ ಚುಚ್ಚಿದಳು.
ಒಳಗೆ ರೆಪ್ಪೆಗಳಿವೆ ದೆಯೊಲಿಂಡಾ,
ಒಂದೇ ಕಣ್ಣನ್ನು ತಿವಿದರೆ ಎರಡೂ ಮುಚ್ಚಿಯೇ ಇರುತ್ತವೆ.
ಎರಡು ಕಡ್ಡಿ ಜೋಡಿಯಾಗಿ, ಸಮನಾಗಿ ಬಂದರೆ ಮಾತ್ರ ಸರಿಯುತ್ತವೆ.
ಮೊದಮೊದಲು ಪ್ಲಗ್ಗು ಬಿಗಿ. ಬೈದುಕೊಳ್ಳುತ್ತೀರಿ. ಬೈಯಿರಿ.

ಬಚ್ಚಲಿಗೆ, ಅಡುಗೆಕಟ್ಟೆಗೆ, ನೆಲಮಾಳಿಗೆಯ ಒಗೆಯುವ ಯಂತ್ರಕ್ಕೆ
ಈ ಎರಡು ಗುಂಡಿಯದು.
ಇದರೊಳಗೊಬ್ಬ ಲೆಕ್ಕದ ಗುಮಾಸ್ತ:
ಹೋದದ್ದೆಷ್ಟು, ಮರಳಿದ್ದೆಷ್ಟು.
ಒಂದು ಆಂಪಿಯರಿನ ಸಾವಿರದಲ್ಲಿ ಐದು ಪಾಲು ಕಡಿಮೆ ಬಿದ್ದರೂ
ಎಲ್ಲಿ ಸೋರಿತು, ನೀರಿಗೋ, ಯಾರದೋ ಮೈಗೋ,
ವಿಚಾರಿಸುತ್ತ ಕೂರುವವನಲ್ಲ.
ಟಕ್. ಬಾಗಿಲು ಹಾಕಿಬಿಡುತ್ತಾನೆ.

"ಹಾಗಾದರೆ ಇದೊಂದೇ ಸಾಕಲ್ಲ?"

ಸಾಲದು.
ಒಂದೊಂದು ಕೈಯಲ್ಲಿ ಒಂದೊಂದು ಮೊಳೆ ಹಿಡಿದು
ಮಗು ಎರಡೂ ಕಣ್ಣಿಗೆ ತೂರಿಸಿತೆನ್ನಿ,
ಒಂದು ಕೈಯಿಂದ ಹೊಕ್ಕದ್ದು ಇನ್ನೊಂದರಿಂದ ಹೊರಡುತ್ತದೆ.
ಲೆಕ್ಕ ಸರಿಯಾಗಿಯೇ ಇರುತ್ತದೆ.
ಗುಮಾಸ್ತ ತಲೆಯೆತ್ತುವುದಿಲ್ಲ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.
ನಾನೂ ಹಾಗೆ ಹೇಳಬಾರದಿತ್ತೇನೋ.
"ಎರಡೂ ಇರುವಂಥದ್ದು ಕೊಡಿ," ಎಂದಳು ಆಮೇಲೆ,
"ರೆಪ್ಪೆಯೂ, ಗುಮಾಸ್ತನೂ."

ಮನೆಯಲ್ಲಿ ನೆಲದ ತಂತಿಯೇ ಇಲ್ಲವಂತೆ, ಅಜ್ಜನ ಕಾಲದ ವೈರಿಂಗು.
ಅದಿಲ್ಲದೆಯೂ ಇದು ಲೆಕ್ಕ ಇಡುತ್ತದೆ, ಎಂದೆ.
ಆದರೆ ಸುಳ್ಳಾಡುವಂತಿಲ್ಲ. ಪೆಟ್ಟಿಗೆಯಲ್ಲೊಂದು ಚೀಟಿಯಿದೆ,
ಅಂಟಿಸಬೇಕು: ಇಲ್ಲಿ ನೆಲದ ಸಂಪರ್ಕವಿಲ್ಲ.
ನಕ್ಕುಬಿಟ್ಟಳು, ಗಲ್ಲಾ ಹಿಡಿದುಕೊಂಡು:
"ಅಸೋರ್ಸ್ ದ್ವೀಪದಿಂದ ಬಂದು ಎಪ್ಪತ್ತು ವರ್ಷ.
ಈಗ ಹೇಳುತ್ತೀರಾ ಈ ಚೀಟಿ ಅಂಟಿಸು ಅಂತ!"

ಇಪ್ಪತ್ತೆರಡು ಒಂದು ಬಗೆ, ನಾಲ್ಕು ಇನ್ನೊಂದು.
ಮೂರು ಸಲ ಕೂಡಿಸಿದಳು.
ಪರಿಮಳದ ಮೇಣದಬತ್ತಿಯನ್ನು ವಾಪಸ್ಸಿಟ್ಟಳು.
ದರ ಇಳಿಸುವ ಅಭ್ಯಾಸ ನನಗಿಲ್ಲ.
ಅವತ್ತು ಕೂಡಿಸುವಾಗ ಎಲ್ಲೋ ತಪ್ಪಿದೆ.

ನವೆಂಬರಿನಲ್ಲಿ ಮುಚ್ಚುಪಟ್ಟಿ ಕೊಡಲು ಹೋಗಿದ್ದೆ.
ಝುಲ್ಮಿರಾ ಎಂಬ ಪುಟ್ಟ ಹುಡುಗಿ
ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು
ಮರದ ಚಮಚದಲ್ಲಿ ಗಂಜಿ ಹಿಡಿದಿದ್ದಳು.
ಈಗಿನವಕ್ಕೆ ಬಾಯಿದೆಯಲ್ಲ, ದುಂಡಗೆ.
ಕಾದಳು. ಕಣ್ಣು ಬಿಡಲಿಲ್ಲ ಅದು.
"ಮಲಗಿದೆ," ಎಂದು ತಾನೇ ತಿಂದಳು.
ದೆಯೊಲಿಂಡಾ ಬಂದು ಗದರಿ ಅವಳನ್ನು ಎತ್ತಿಕೊಂಡು ಹೋದಳು.

ಆ ಬೀಗದ ಕೈ ನನ್ನ ಗಲ್ಲಾದಲ್ಲೇ ಉಳಿದಿದೆ.
ಹೊಸ ಸರಕು ಬಂದಾಗ
ಪೆಟ್ಟಿಗೆಗೊಂದು ತೆಗೆದು, ಅದರಿಂದಲೇ ಚುಚ್ಚಿ ನೋಡುತ್ತೇನೆ.